ಹಿಂದಿನವರು ಏನಂದು ಹೋದರು?

ಬಾಡಿಗೆಗೆ ಮನೆ ನೋಡಲು ಹೋದಾಗ ಏನೇನು ಕೇಳಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಲಸದ ಮೇಲೆ ಮೂರು ಊರು ಸುತ್ತಿ ಬಂದವನು ನಾನು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕರೆಂಟಿಗೆ ಬೇರೆ ಮೀಟರ್ ಇದೆಯೇ, ಗೋಡೆಗೆ ಮೊಳೆ ಹೊಡೆದರೆ ಓನರ್ ಮುಖ ಸಿಂಡರಿಸುತ್ತಾರೆಯೇ, ನೆಂಟರು ಎರಡು ದಿನ ಹೆಚ್ಚಿಗೆ ಉಳಿದರೆ ಗೊಣಗುತ್ತಾರೆಯೇ, ಬಚ್ಚಲಿನ ನೀರು ಹೊರಗೆ ಹೋಗುತ್ತದೆಯೋ ಇಲ್ಲ ತಿರುಗಿ ಒಳಕ್ಕೇ ಬರುತ್ತದೆಯೋ, ಎಲ್ಲವನ್ನೂ ಕೇಳಿದೆ. ಮಟಮಟ ಮಧ್ಯಾಹ್ನ ಹೋಗಿ ಅಡುಗೆಮನೆಯಲ್ಲಿ ನಿಂತು ಸೆಕೆ ನೋಡಿದೆ. ಕಿಟಕಿಗಳನ್ನು ಒಂದೊಂದಾಗಿ ತೆಗೆದು ಮುಚ್ಚಿ ನೋಡಿದೆ. ನಲ್ಲಿ ತಿರುಗಿಸಿ, ಬೊಗಸೆ ನೀರು ಹಿಡಿದು ರುಚಿಯನ್ನೂ ನೋಡಿದೆ. ಇಷ್ಟೆಲ್ಲ ಜಾಣನಾದ ನಾನು, ಈ ಊರಿನಲ್ಲಿ ಹಾಲು ಹಾಕುವ ಹೆಂಗಸಿಗೂ ಗೊತ್ತಿದ್ದ ಒಂದೇ ಒಂದು ಪ್ರಶ್ನೆಯನ್ನು ಕೇಳದೆ ಅಡ್ವಾನ್ಸ್ ಕೊಟ್ಟು ಬಂದುಬಿಟ್ಟೆ.

ಆಗ ನಾನು ಈ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೆಲಸ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಯಾವಾಗ ಹೋಗುತ್ತದೆ ಎಂದು ದಿನವಿಡೀ ಮೈಕಿನಲ್ಲಿ ಕೂಗುವುದು. ರಾತ್ರಿ ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲೇ ಒಂದು ಮಂಚ ಹಿಡಿದು, ಆರು ಜನರ ಗೊರಕೆಯ ನಡುವೆ ಏಳನೆಯವನಾಗಿ ಮಲಗುತ್ತಿದ್ದೆ. ಹೆಂಡತಿ ಮಂದಾಕಿನಿ ಬಾಣಂತನಕ್ಕೆಂದು ತವರಿನಲ್ಲಿದ್ದಳು. ಮಗಳು ಚಾರು ಹುಟ್ಟಿಯೂ ಅಷ್ಟೇ ತಿಂಗಳಾಗಿತ್ತು. ನಾಮಕರಣಕ್ಕೆ ಒಂದು ದಿನದ ರಜೆಯ ಮೇಲೆ ಹೋಗಿ, ಅವಳ ಕಿವಿಯಲ್ಲಿ ಹೆಸರು ಹೇಳಿ, ಅವಳು ಕಣ್ಣು ಬಿಡುವ ಮುಂಚೆಯೇ ಬಸ್ಸು ಹಿಡಿದು ಬಂದವನು ನಾನು. ಅವಳ ಮೂಗು ಯಾರ ಹಾಗಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲಾಗದೆ ಮಾತು ಬದಲಾಯಿಸುತ್ತಿದ್ದೆ.

"ಪಕ್ಕಕ್ಕೆ ವಾಲೋಕೆ ಶುರು ಮಾಡಿದಾಳೆ ಕಣ್ರೀ," ಎಂದು ಮಂದಾ ಬಸ್ ಸ್ಟ್ಯಾಂಡಿಗೆ ಫೋನ್ ಮಾಡಿದಾಗ ಹೇಳಿದಳು. "ಇನ್ನೊಂದು ವಾರಕ್ಕೆ ಬೋರಲು ಬೀಳ್ತಾಳೆ ಅಂತಾರೆ ಅಮ್ಮ. ಬೇಗ ಒಂದು ಮನೆ ನೋಡಿ. ಮೊದಲನೇ ಸಲ ಬೀಳೋದನ್ನ ನೀವು ನೋಡ್ಬೇಕು."

ಆಮೇಲೆ ಫೋನು ಅತ್ತೆಯ ಕೈಗೆ ಹೋಯಿತು. ನಮ್ಮತ್ತೆ ಭಾಗೀರಥಮ್ಮನವರು ಫೋನಿನಲ್ಲಿ ಮಾತಾಡುವಾಗ ನನಗೆ ಎದ್ದು ನಿಲ್ಲಬೇಕೆನ್ನಿಸುತ್ತದೆ. "ಅಳಿಯಂದ್ರೇ, ಶುಕ್ರವಾರ ದಿನ ಚೆನ್ನಾಗಿದೆ. ಮನೆ ಮಾಡಿ, ಹಾಲುಕ್ಕಿಸಿ, ಉಕ್ಕಿತು ಅಂತ ಒಂದು ಮಾತು ತಿಳಿಸಿ. ನಾನೇ ಕರ್ಕೊಂಡು ಬಂದು ಬಿಡ್ತೀನಿ. ಭಾನುವಾರದಿಂದ ಆಷಾಢ. ಆಮೇಲೆ ಒಂದು ತಿಂಗಳು ಮಗೂನ ನಮ್ಮನೆ ಹೊಸಿಲು ದಾಟಿಸೋಲ್ಲ, ಈಗ್ಲೇ ಹೇಳಿರ್ತೀನಿ."

ಅವರು ಒಂದು ಸಲ ಹೇಳಿದರೆ ಮುಗಿಯಿತು. ಅದಕ್ಕೇ ನಾನು ಮರುದಿನವೇ ಊರೆಲ್ಲ ಅಲೆದು, ಹಳೇ ಸಂತೆ ಬೀದಿಯಲ್ಲಿ ಪುಟ್ಟಗೌರಮ್ಮ ಎನ್ನುವವರ ಮನೆ ಹಿಡಿದದ್ದು. ಅವರ ಮನೆಗೆ ಅಂಟಿಕೊಂಡಂತೆಯೇ ಇನ್ನೊಂದು ಚಿಕ್ಕ ಮನೆ. ಒಂದು ನಡುಮನೆ, ಒಂದು ಕೋಣೆ, ಬೆಳಕಿರುವ ಅಡುಗೆಮನೆ, ಹಿಂದೆ ಬಟ್ಟೆ ಒಣಹಾಕಲು ಜಾಗ, ಬಾಗಿಲಿಗೆ ಹಸಿರು ಬಣ್ಣ. ಪುಟ್ಟಗೌರಮ್ಮನವರು ಅರವತ್ತು ದಾಟಿದ ಗುಂಡಗಿನ ಹೆಂಗಸು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಖುಷಿಯಿಂದ ಉತ್ತರ ಹೇಳುತ್ತಾ, ನಾನು ಸುಮ್ಮನಾದಾಗ ಮಾತ್ರ ಉಸಿರು ಬಿಗಿಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ನಾನು "ಸರಿ ಬಿಡಿ, ಇನ್ನೇನೂ ಇಲ್ಲ" ಎಂದಾಗ ಅವರ ಮುಖ ಅರಳಿದ್ದು ಕಂಡು, ಎಂಥ ಪ್ರೀತಿಯ ಓನರು ಎಂದುಕೊಂಡೆ.

"ಬುಧವಾರ ಗುರುವಾರ ಅಂತ ಕಾಯ್ಬೇಡಿ, ನಾಳೆ ಸೋಮವಾರಾನೇ ಹಾಲುಕ್ಕಿಸಿ," ಎಂದರು. "ನಮ್ಮೂರಲ್ಲಿ ಹಾಲು ಉಕ್ಕಿದ ಮೇಲೇನೇ ಮನೆ ನಿಮ್ಮದು ಅನ್ನೋ ಲೆಕ್ಕ. ನಾನೂ ಬರ್ತೀನಿ ನೋಡೋಕೆ."

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಹೊಸ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಲೀಟರ್ ಹಾಲು ಒಲೆಯ ಮೇಲಿಟ್ಟೆ. ಪುಟ್ಟಗೌರಮ್ಮನವರು ಬಾಗಿಲಿಗೊರಗಿ ನಿಂತರು. ಹಾಲು ಬಿಸಿಯಾಯಿತು. ಕುದಿಯಿತು. ಮೇಲೇಳಲಿಲ್ಲ. ಉರಿ ಜಾಸ್ತಿ ಮಾಡಿದೆ. ಅದು ತನ್ನ ಪಾಡಿಗೆ ಕೊತಕೊತ ಎನ್ನುತ್ತಾ ಇದ್ದಲ್ಲೇ ಇತ್ತು. ಮುಕ್ಕಾಲು ಗಂಟೆಯಾದ ಮೇಲೆ ಅರ್ಧ ಪಾತ್ರೆಯಾಯಿತು, ಇನ್ನೊಂದು ಗಂಟೆಗೆ ತಳ ಸೇರಿತು. ಕೊನೆಗೆ ನನ್ನ ಮುಂದಿದ್ದದ್ದು ಒಂದು ಹಿಡಿ ಖೋವಾ. ಪುಟ್ಟಗೌರಮ್ಮನವರು ಚಮಚದಲ್ಲಿ ಸ್ವಲ್ಪ ತೆಗೆದು ಬಾಯಿಗೆ ಹಾಕಿಕೊಂಡು, "ಘಮ ಚೆನ್ನಾಗಿದೆ. ಒಂಚೂರು ಸಕ್ಕರೆ ಏಲಕ್ಕಿ ಹಾಕಿದ್ರೆ ಪೇಡ ಆಗುತ್ತೆ," ಎಂದು ಹೇಳಿ, ನನ್ನ ಕಡೆ ನೋಡದೆ ಹೊರಟುಹೋದರು.

ಹಾಲಿನಲ್ಲಿ ನೀರು ಬೆರೆಸಿದ್ದಾರೆ ಎಂದು ಹಾಲಿನವಳನ್ನು ಬೈದುಕೊಂಡೆ. ಸಂಜೆ ಡ್ಯೂಟಿ ಮುಗಿಸಿ ಬಂದು, ಬಾಗಿಲ ಹಿಂದೆ ಗೋಡೆಯಲ್ಲಿದ್ದ ಮರದ ಗೂಟಕ್ಕೆ ಅಂಗಿ ನೇತುಹಾಕಿದೆ. ಬಿತ್ತು. ಮತ್ತೆ ಹಾಕಿದೆ. ಮತ್ತೆ ಬಿತ್ತು. ಗೂಟ ನೆಟ್ಟಗೇ ಇತ್ತು, ಅಂಗಿಗೂ ಏನೂ ಆಗಿರಲಿಲ್ಲ. ಸರಿಯಾಗಿ ಆರೂಕಾಲಕ್ಕೆ, ನಾನು ಒಳಗಿನಿಂದ ಚಿಲಕ ಹಾಕಿದ್ದ ಮುಂಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಹೊರಗೆ ಯಾರೂ ಇರಲಿಲ್ಲ. ಐದು ನಿಮಿಷ ಹಾಗೇ ತೆರೆದುಕೊಂಡಿದ್ದು, ಆಮೇಲೆ ಬೇಸರವಾದವರ ಹಾಗೆ ನಿಧಾನಕ್ಕೆ ಮುಚ್ಚಿಕೊಂಡಿತು. ಮನೆಯೊಳಗೆ ಎಲ್ಲಿಂದಲೋ ಮೈದಾ ಅಂಟಿನ ವಾಸನೆ ಬಂತು. ಮಂಗಳವಾರ ಬೇರೆಯವರ ಹತ್ತಿರ ಗಟ್ಟಿ ಎಮ್ಮೆಹಾಲು ತಂದು ಕಾಯಿಸಿದೆ. ಸೋಮವಾರಕ್ಕಿಂತ ಒಳ್ಳೆಯ ಖೋವಾ ಆಯಿತು.

ಆ ದಿನ ಪೇಡ ಮಾಡಿ ಬಸ್ ಸ್ಟ್ಯಾಂಡಿಗೆ ತೆಗೆದುಕೊಂಡು ಹೋದೆ. ಈ ಊರಲ್ಲೇ ಹುಟ್ಟಿ ಬೆಳೆದ ಕಂಡಕ್ಟರ್ ಮಾದಯ್ಯ ಒಂದನ್ನು ಬಾಯಿಗೆ ಹಾಕಿಕೊಂಡವನು ಅಲ್ಲಿಗೇ ನಿಲ್ಲಿಸಿ, "ಸಾರ್, ಇದು ಅಂಗಡೀದಲ್ಲ. ಹಾಲು ಉಕ್ಕದ ಪೇಡ ಅಲ್ವಾ ಇದು?" ಎಂದ.

"ಅದು ಹೇಗಪ್ಪ ಗೊತ್ತಾಯ್ತು?"

"ನಮ್ಮೂರಲ್ಲಿ ಈ ರುಚಿ ಎಲ್ರಿಗೂ ಗೊತ್ತು ಸಾರ್. ಮನೆ ಹಿಡಿಯೋವಾಗ ಕೇಳಿದ್ರಾ, ಹಿಂದಿನವರು ಏನಂದು ಹೋದರು ಅಂತ?"

ನಾನು ಕಣ್ಣು ಕಣ್ಣು ಬಿಟ್ಟೆ. ಮಾದಯ್ಯ ತಲೆ ಚಚ್ಚಿಕೊಂಡ. ಮನೆ ಖಾಲಿ ಮಾಡುವವರು ಕೊನೆಗೆ ಹೊಸಿಲ ಮೇಲೆ ನಿಂತು, ಒಳಗೆ ತಿರುಗಿ, "ಹೋಗ್ತೀನಿ" ಎಂದು ಬಾಯಿ ಬಿಟ್ಟು ಹೇಳಬೇಕು. ಹಾಗೆ ಹೇಳಿದರೆ ಮನೆ ಅವರನ್ನು ಬಿಟ್ಟುಕೊಡುತ್ತದೆ. ಬಾಯಿತಪ್ಪಿ "ಬರ್ತೀನಿ" ಎಂದರೋ, ಮನೆ ಆ ಮಾತನ್ನೇ ನಂಬಿ ಕೂರುತ್ತದೆ. ಬೇರೆ ಯಾರು ಬಂದು ಹಾಲಿಟ್ಟರೂ ಅದಕ್ಕೆ ಉಕ್ಕುವ ಮನಸ್ಸಿಲ್ಲ.

"ಅಷ್ಟೇ ತಾನೇ? ಒಂದು ಮಾತು ಹೇಳೋಕೇನು ಕಷ್ಟ?" ಎಂದೆ.

"ಹೇಳಿ ನೋಡಿ ಸಾರ್, ಈಗ. ನನಗೆ ಹೇಳಿ. ಹೋಗ್ತೀನಿ ಅಂತ."

ನಾನು ಬಾಯಿ ತೆರೆದೆ. ಮುಚ್ಚಿದೆ. ಚಿಕ್ಕಂದಿನಲ್ಲಿ ಒಂದು ಸಲ ಶಾಲೆಗೆ ಹೊರಡುವಾಗ "ಅಮ್ಮ, ಹೋಗ್ತೀನಿ" ಎಂದು ಕೂಗಿ, ಅಮ್ಮ ಸೌಟು ಹಿಡಿದೇ ಓಡಿ ಬಂದು "ಬಿಡ್ತು ಅನ್ನು! ಹೋಗಿ ಬರ್ತೀನಿ ಅನ್ನು!" ಎಂದು ಬೆನ್ನಿಗೆ ಗುದ್ದಿದ್ದು ನೆನಪಾಯಿತು. ದಿನಕ್ಕೆ ನೂರು ಸಲ ಬಸ್ಸುಗಳು ಹೋಗುತ್ತವೆ ಎಂದು ಕೂಗುವ ನಾನು, ನನ್ನ ಬಗ್ಗೆ ಆ ಮಾತು ಆಡಿ ಮೂವತ್ತು ವರ್ಷದ ಮೇಲಾಗಿತ್ತು.

"ನೋಡಿದ್ರಾ," ಎಂದ ಮಾದಯ್ಯ. "ಕೆಲವರು ಹೇಳೋಕಾಗ್ದೆ ಸುಮ್ನೆ ಎದ್ದು ಹೋಗ್ತಾರೆ. ಆಗ ಇನ್ನೂ ಕಷ್ಟ, ಮನೆ ಅವರು ಒಳಗೇ ಇದಾರೆ ಅಂದ್ಕೊಳ್ಳುತ್ತೆ. ಕೆಲವರು ಬೇರೆ ಕಡೆ ಮನೆ ಮಾಡಿದೀವಿ, ಹಾಗೆ ಹೀಗೆ ಅಂತ ಸುತ್ತಿ ಬಳಸಿ ಹೇಳ್ತಾರೆ. ಮನೆಗೆ ಅದೆಲ್ಲ ಅರ್ಥ ಆಗಲ್ಲ. ನಮ್ಮ ಬೀದೀಲಿ ಒಬ್ರು ಗಿಳಿಗೆ ಕಲಿಸಿ ಗಿಳಿ ಬಾಯಲ್ಲಿ ಹೇಳಿಸಿದ್ರು. ಮನೆ ಗಿಳೀನ ಬಿಟ್ಟುಕೊಡ್ತು, ಅವರನ್ನ ಬಿಡ್ಲಿಲ್ಲ."

ಡ್ಯೂಟಿ ಮುಗಿದದ್ದೇ ತಡ, ನೆಟ್ಟಗೆ ಪುಟ್ಟಗೌರಮ್ಮನವರ ಬಾಗಿಲಿಗೆ ಹೋದೆ. ಅವರು ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಅಮ್ಮಾ, ಹಿಂದಿನವರು ಏನಂದು ಹೋದರು?" ಎಂದೆ. ಅವರು ಸೊಪ್ಪು ಕೆಳಗಿಟ್ಟು ದೊಡ್ಡ ಉಸಿರು ಬಿಟ್ಟರು.

"ಅಂತೂ ಕೇಳಿದ್ರಲ್ಲ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ, ನನ್ನದೂ ತಪ್ಪೇ ಬಿಡಿ. ಆರು ತಿಂಗಳಿಂದ ಖಾಲಿ ಬಿದ್ದಿದೆ ಕಣಪ್ಪ. ಈ ಊರಿನೋರು ಬಂದವರೇ ಮೊದಲು ಅದನ್ನೇ ಕೇಳ್ತಾರೆ, ತಿರುಗಿ ನೋಡ್ದೆ ಹೋಗ್ತಾರೆ. ನೀವು ಹೊಸಬರು, ಒಳ್ಳೇ ಮನುಷ್ಯರ ಥರ ಕಂಡ್ರಿ, ನಿಮ್ಮ ಕೈಗುಣಕ್ಕೆ ಉಕ್ಕಿದ್ರೂ ಉಕ್ಕೀತು ಅನ್ನೋ ಆಸೆ."

ಹದಿನಾಲ್ಕು ವರ್ಷ ಆ ಮನೆಯಲ್ಲಿದ್ದವನು ಬೈಂಡಿಂಗ್ ಕೆಲಸದ ಓಬಳೇಶಪ್ಪ. ಒಂಟಿ ಮನುಷ್ಯ. ಪುಸ್ತಕ ಬೈಂಡ್ ಮಾಡುವ ಅಂಗಡಿಯನ್ನು ಆರಕ್ಕೆ ಮುಚ್ಚಿ, ಆರೂಕಾಲಕ್ಕೆ ಮನೆಗೆ ಬಂದು, ಕೊಡೆಯನ್ನು ಬಾಗಿಲ ಹಿಂದಿನ ಗೂಟಕ್ಕೆ ಸಿಕ್ಕಿಸಿ, ಕಾಫಿ ಮಾಡಿಕೊಂಡು ಕುಡಿಯುವುದು. ಐವತ್ತೆರಡನೇ ವಯಸ್ಸಿನಲ್ಲಿ, ಯಾರೂ ನೆನಸದಿದ್ದಾಗ, ಹೊಲಿಗೆ ಕ್ಲಾಸಿನ ನೀಲಾವತಿ ಟೀಚರನ್ನು ಮದುವೆಯಾಗಿ ಅವರ ಮನೆಗೆ ಹೋದ. ಹೋಗುವಾಗ ಹೊಸಿಲ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು, "ಬರ್ತೀನಿ" ಎಂದ. "ನಾನು ಇಲ್ಲೇ ನಿಂತಿದ್ದೆ," ಎಂದರು ಪುಟ್ಟಗೌರಮ್ಮ. "ನಾಲಿಗೆ ತೊದಲಿತು ಅಂದ್ಕೊಂಡೆ. ಇನ್ನೊಂದು ಸಲ ಹೇಳೋ ಅಂದ್ರೆ, ಬಸ್ಸಿಗೆ ಹೊತ್ತಾಯ್ತು ಅಂತ ಓಡಿದ. ಎರಡು ಬೀದಿ ಆಚೆ ಇರೋ ಮನೆಗೆ ಯಾವ ಬಸ್ಸಪ್ಪ?"

ಬುಧವಾರ ಬೆಳಿಗ್ಗೆ ಅತ್ತೆಯ ಫೋನು ಬಂತು. "ಉಕ್ಕಿತಾ?"

"ಉಕ್ಕುತ್ತೆ ಅತ್ತೆ."

"ಉಕ್ಕುತ್ತೆ ಬೇಡ ಅಳಿಯಂದ್ರೇ. ಉಕ್ಕಿತು ಅನ್ನಿ, ಆಗ ಪೆಟ್ಟಿಗೆ ಕಟ್ತೀನಿ."

ಹಿಂದಿನಿಂದ ಮಗುವಿನ ಕೇಕೆ ಕೇಳಿಸಿತು. ಒಂದು ತಿಂಗಳು ಎಂದರೆ ಅವಳು ಬೋರಲು ಬಿದ್ದು, ಹೊಟ್ಟೆ ಎಳೆದುಕೊಂಡು ತೆವಳಿ, ನನ್ನನ್ನು ಕಂಡರೆ ಯಾರೋ ಪರಕೀಯ ಎಂದು ಅಳುವಷ್ಟು ದೊಡ್ಡವಳಾಗಿರುತ್ತಾಳೆ ಅನ್ನಿಸಿತು. ಅದೇ ಗುಂಗಿನಲ್ಲಿ ಮೈಕಿನ ಮುಂದೆ ಕೂತು, ಹತ್ತೂವರೆಯ ಬಸ್ಸನ್ನು ಹನ್ನೊಂದೂವರೆಗೆ ಎಂದು ಕೂಗಿಬಿಟ್ಟೆ. ಒಂದು ಗಂಟೆ ಜನರ ಬೈಗುಳ ತಿಂದು, ಮಧ್ಯಾಹ್ನ ಊಟದ ಹೊತ್ತಿಗೆ ಬೈಂಡಿಂಗ್ ಅಂಗಡಿಗೆ ಹೋದೆ.

ಓಬಳೇಶಪ್ಪ ಸಣ್ಣ ಕಟ್ಟಿನ ಮನುಷ್ಯ. ಬೆರಳಿನ ತುದಿಗಳೆಲ್ಲ ಅಂಟಿನಿಂದ ಬೆಳ್ಳಗೆ. ನಾನು ಹಳೇ ಸಂತೆ ಬೀದಿಯ ಮನೆಯ ಹೆಸರೆತ್ತಿದ್ದೇ ತಡ, ಹೊಲಿಯುತ್ತಿದ್ದ ದಪ್ಪ ಪುಸ್ತಕದ ಹಿಂದೆ ಮುಖ ಮರೆಮಾಡಿಕೊಂಡ.

"ಸ್ವಾಮಿ, ಮೆತ್ತಗೆ ಮಾತಾಡಿ. ನಮ್ಮನೆಯವರ ಕ್ಲಾಸು ಪಕ್ಕದಲ್ಲೇ. ನಾನು ಹೇಳ್ದೆ ಬಂದಿದೀನಿ ಅಂತ ಅವರಿಗೆ ಗೊತ್ತಿಲ್ಲ."

"ಬಂದು ಒಂದು ಮಾತು ಹೇಳ್ಬಿಡಿ ಓಬಳೇಶಪ್ಪನವರೇ. ನನಗೆ ನಾಲ್ಕು ತಿಂಗಳ ಮಗಳಿದಾಳೆ. ಶುಕ್ರವಾರದೊಳಗೆ ಹಾಲು ಉಕ್ಕದಿದ್ರೆ ಅವಳನ್ನ ಕಳಿಸೋದಿಲ್ಲ."

ಅವನು ದಬ್ಬಳವನ್ನು ಕೆಳಗಿಟ್ಟ. "ನಿಮ್ಮ ಅಂಗಿ ಗೂಟದ ಮೇಲೆ ನಿಲ್ಲುತ್ತಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ."

"ಆರೂಕಾಲಕ್ಕೆ ಬಾಗಿಲು?"

"ದಿನಾ ತೆರೆಯುತ್ತೆ."

ಓಬಳೇಶಪ್ಪನ ಕಣ್ಣಲ್ಲಿ ನೀರಾಡಿತು. ಮುಖ ಮಾತ್ರ, ಗುಟ್ಟಾಗಿ ಹೊಗಳಿಸಿಕೊಂಡವನ ಮುಖದಂತೆ ಕೆಂಪಾಗಿತ್ತು. "ನಾಳೆ ಬರ್ತೀನಿ," ಎಂದ. ಮತ್ತೆ ತನ್ನ ಮಾತಿಗೆ ತಾನೇ ಬೆಚ್ಚಿ, "ಅಂದ್ರೆ, ಹೇಳೋಕೆ ಬರ್ತೀನಿ," ಎಂದು ಸೇರಿಸಿದ.

ಗುರುವಾರ ಸಂಜೆ ಆರೂಕಾಲಕ್ಕೆ ಬಾಗಿಲು ತೆರೆದುಕೊಂಡಾಗ, ಆರು ತಿಂಗಳಲ್ಲಿ ಮೊದಲ ಬಾರಿಗೆ, ಅದರ ಹೊರಗೆ ಒಬ್ಬ ಮನುಷ್ಯ ನಿಂತಿದ್ದ. ಕಂಕುಳಲ್ಲಿ ಕೊಡೆ. ನಾನು ಅವನಿಗೆ ಕಾಫಿ ಕೊಡೋಣವೆಂದು ಒಲೆಯ ಮೇಲೆ ಹಾಲಿಟ್ಟು ಬಂದೆ. ಪುಟ್ಟಗೌರಮ್ಮನವರು ಸಾಕ್ಷಿಗೆಂದು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಓಬಳೇಶಪ್ಪ ಹೊಸಿಲಿನ ಆಚೆಯೇ ನಿಂತು, ಒಳಗೆ ಕಾಲಿಡದೆ, ಕತ್ತು ಮಾತ್ರ ಮುಂದೆ ಚಾಚಿ ಶುರುಮಾಡಿದ.

"ಹೋ..." ಎಂದ. "ಹೋ... ಹೋಗಿ ಬರ್ತೀನಿ."

"ಅಯ್ಯೋ ನಿನ್ನ!" ಎಂದರು ಪುಟ್ಟಗೌರಮ್ಮ.

"ತಡೀರಿ, ಇನ್ನೊಂದ್ಸಲ. ಹೋಗ್... ಹೋಗ್... ಹೋಗ್ಬಿಟ್ಟು ಬರ್ತೀನಿ."

ನಾನು ನನಗೆ ಗೊತ್ತಿದ್ದ ವಿದ್ಯೆ ಹೇಳಿಕೊಟ್ಟೆ. "ನಿಮ್ಮನ್ನ ನೀವು ಬಸ್ಸು ಅಂದ್ಕೊಳ್ಳಿ. ಬಸ್ಸು ಹೋಗುತ್ತೆ. ಅಷ್ಟೇ." ಅವನು ಕಣ್ಣು ಮುಚ್ಚಿಕೊಂಡು, "ಓಬಳೇಶಪ್ಪ ಹೋಗ್ತಾನೆ," ಎಂದ. ಮರುಕ್ಷಣ ಹೌಹಾರಿ, "ಬರ್ತಾನೆ, ಬರ್ತಾನೆ!" ಎಂದು ತಾನೇ ಕೆನ್ನೆ ಬಡಿದುಕೊಂಡ.

"ಎಲ್ಲಿಗೆ ಹೋಗ್ತಾರೆ ಓಬಳೇಶಪ್ಪನವರು?"

ಅದು ಅವನ ಹಿಂದಿನಿಂದ ಬಂದ ದನಿ. ನೀಲಾವತಿ ಟೀಚರ್ ಮೆಟ್ಟಿಲ ಕೆಳಗೆ ನಿಂತಿದ್ದರು. ಎತ್ತರದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ನಿನ್ನೆಯಿಂದ ಗಂಡ ಊಟ ಬಿಟ್ಟು ನಿಟ್ಟುಸಿರು ಬಿಡುವುದನ್ನು ನೋಡಿ ಅನುಮಾನ ಬಂದು ಹಿಂಬಾಲಿಸಿ ಬಂದಿದ್ದರಂತೆ. ಪುಟ್ಟಗೌರಮ್ಮನವರಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಟೀಚರ್ ಕೇಳುತ್ತಾ ಕೇಳುತ್ತಾ ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಂಡರು.

"ಬಾಯ್ತಪ್ಪಿ ಅಂದ್ರಾ, ಬೇಕೂಂತ ಅಂದ್ರಾ?" ಎಂದು ಕೇಳಿದರು.

ಓಬಳೇಶಪ್ಪ ಕೊಡೆಯ ಹಿಡಿ ತಿರುಗಿಸಿದ. ಬಾಯ್ತಪ್ಪಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಬೇಕೂಂತಾನೇ ಅಂದೆ ಕಣೇ," ಎಂದ. "ಐವತ್ತೆರಡು ವರ್ಷ ಒಬ್ನೇ ಇದ್ದೋನು. ನನ್ನ ಗೊರಕೆ ನಿನಗೆ ಹಿಡಿಸ್ದೆ ಇದ್ರೆ? ಅಂಟಿನ ವಾಸನೆ ಬೇಸರ ಬಂದ್ರೆ? ನೀನು ಬೇಡ ಅಂದ ದಿನ ನಿಲ್ಲೋಕೆ ಒಂದು ಬಾಗ್ಲು ಇರ್ಲಿ ಅಂತ. ತಪ್ಪಾಯ್ತು."

ನನಗಂತೂ ಭೂಮಿ ಬಾಯಿ ಬಿಟ್ಟರೆ ಸಾಕೆನ್ನಿಸಿತು. ನನ್ನ ಮಗಳನ್ನು ಕರೆಸಿಕೊಳ್ಳುವ ಆತುರದಲ್ಲಿ ಇನ್ನೊಬ್ಬರ ಮನೆ ಮುರಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

"ಹಾಗಾದ್ರೆ," ಎಂದರು ನೀಲಾವತಿ ಟೀಚರ್ ನಿಧಾನವಾಗಿ, "ಮದ್ವೆ ಆದ ಮೇಲೆ ನಮ್ಮನೇಲಿ ಹಾಲುಕ್ಕಿಸಿದಾಗ ಅಂಚಿನ ತನಕ ಬಂದು ಇಳೀತಲ್ಲ, ಅದು ಇದಕ್ಕೇನಾ? ನಾನು ಆರು ತಿಂಗಳಿಂದ ಗ್ಯಾಸಿನವನಿಗೆ ಬೈತಿದೀನಿ!"

ಓಬಳೇಶಪ್ಪ ತಲೆ ತಗ್ಗಿಸಿದ. ಟೀಚರ್ ತುಟಿ ಬಿಗಿಹಿಡಿದರು. ಅದು ನಡುಗಿತು. ಸಿಟ್ಟೆಂದುಕೊಂಡೆ, ನಗು. "ಹೆದರಿಕೆ ನಿಮಗೊಬ್ರಿಗೇ ಅಂದ್ಕೊಂಡ್ರಾ? ಬೀರೂಲಿ ನಿಮ್ಮ ಬಟ್ಟೆಗೆ ಒಂದೇ ಅರೆ ಕೊಟ್ಟಿದೀನಲ್ಲ, ಇನ್ನೊಂದರ ಕೀಲಿಕೈ ಕಳೆದೋಗಿದೆ ಅಂತ ಹೇಳಿದ್ದೆನಲ್ಲ? ಕಳೆದಿಲ್ಲ. ನನ್ನ ಸೆರಗಲ್ಲೇ ಇದೆ." ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೆಗೆದು ಅವನ ಅಂಗೈಯಲ್ಲಿಟ್ಟರು. ಆಮೇಲೆ ಕ್ಲಾಸಿನ ಹುಡುಗಿಯರಿಗೆ ಹೇಳುವ ದನಿಯಲ್ಲಿ, "ಬರ್ತೀನಿ ಅಂದ್ರಲ್ಲ. ಬಂದ್ರಾ?" ಎಂದರು.

"ಏನು?"

"ಈ ಮನೆಗೆ ಬರ್ತೀನಿ ಅಂದ್ರಿ. ಆರು ತಿಂಗಳಲ್ಲಿ ಒಂದ್ಸಲನಾದ್ರೂ ಬಂದ್ರಾ? ಈಗ್ಲೂ ಆಚೇನೇ ನಿಂತ್ಕೊಂಡು ಹೋಗ್ತೀನಿ ಹೋಗ್ತೀನಿ ಅಂತ ಒದ್ದಾಡ್ತಿದೀರಿ. ಅದು ಪಾಪ ದಿನಾ ಬಾಗಿಲು ತೆಗೆದು ಕಾಯ್ತಿದೆ. ಮೊದಲು ಒಳಗೆ ಬನ್ನಿ. ಆಡಿದ ಮಾತು ನಡೆಸಿ."

ಎಷ್ಟು ಸರಳ ಎಂದರೆ, ಊರಿಗೆ ಊರೇ ಇಷ್ಟು ವರ್ಷ ಹೋಗುವ ಮಾತಿನ ಮೇಲೇ ಕೂತಿತ್ತೇ ಹೊರತು ಬರುವ ಮಾತನ್ನು ಯಾರೂ ತಿರುಗಿ ನೋಡಿರಲಿಲ್ಲ. ಓಬಳೇಶಪ್ಪ ಚಪ್ಪಲಿ ಬಿಟ್ಟ. ಹೊಸಿಲು ದಾಟಿದ. ಯಾರೂ ಹೇಳದೆಯೇ ಕೈ ಬಾಗಿಲ ಹಿಂದಕ್ಕೆ ಹೋಗಿ ಕೊಡೆಯನ್ನು ಗೂಟಕ್ಕೆ ಸಿಕ್ಕಿಸಿತು. ಕೊಡೆ ನಿಂತಿತು. ಅವನು ನಡುಮನೆಯ ಗೋಡೆಯನ್ನು ಅಂಗೈಯಲ್ಲಿ ಒಂದು ಸಲ ಸವರಿ, ಚಾಪೆಯ ಮೇಲೆ ಕೂತ. ಟೀಚರ್ ಪಕ್ಕದಲ್ಲಿ ಕೂತು, ನಡುಮನೆಗಿದ್ದ ಒಂದೇ ಕಿಟಕಿಗೆ ಇಂಥ ದರಿದ್ರ ಪರದೆ ಯಾಕೆ, ಅಳತೆ ಕೊಡಿ ಹೊಲಿದು ಕೊಡ್ತೀನಿ ಎಂದು ನನ್ನನ್ನು ಬೈದರು. ಪುಟ್ಟಗೌರಮ್ಮ ಅದು ತಾವು ಹಾಕಿಸಿದ ಪರದೆ ಎಂದು ಮುನಿಸಿಕೊಂಡರು. ಮಾತಿಗೆ ಮಾತು ಬೆಳೆದು ಪರದೆಯಿಂದ ಸೀರೆಗೆ, ಸೀರೆಯಿಂದ ಯಾರದೋ ಮದುವೆಗೆ ಹೋಯಿತು.

ಸುಂಯ್ ಎಂದು ಸದ್ದು. ಸುಟ್ಟ ಹಾಲಿನ ವಾಸನೆ. ನಾಲ್ಕೂ ಜನ ಒಂದೇ ಸಲ ಎದ್ದು ಅಡುಗೆಮನೆಗೆ ನುಗ್ಗಿದೆವು. ಪಾತ್ರೆಯ ಸುತ್ತ, ಒಲೆಯ ಮೇಲೆ, ಕಟ್ಟೆಯ ಮೇಲೆಲ್ಲ ಹಾಲು ಹರಿದು ಕೆಳಗೆ ತೊಟ್ಟಿಕ್ಕುತ್ತಿತ್ತು. ಎರಡು ದಿನ ಎದುರಿಗೇ ನಿಂತು ಕಾದಾಗ ಉಕ್ಕದ್ದು, ಒಬ್ಬರೂ ನೋಡದ ಹೊತ್ತಿನಲ್ಲಿ ಎರಡು ದಿನದ್ದನ್ನೂ ಸೇರಿಸಿ ಉಕ್ಕಿತ್ತು. "ಒರೆಸ್ಬೇಡಿ, ಒರೆಸ್ಬೇಡಿ, ಒಂದು ಗಳಿಗೆ ಕಣ್ತುಂಬ ನೋಡೋಣ," ಎಂದರು ಪುಟ್ಟಗೌರಮ್ಮ. ನನಗೆ ಅಳು ಬಂತು. ಹೊಗೆ ಎಂದು ಸುಳ್ಳು ಹೇಳಿದೆ.

ಪಾತ್ರೆಯಲ್ಲಿ ಉಳಿದಿದ್ದ ಅರ್ಧ ಲೋಟ ಹಾಲಿನಲ್ಲೇ ನಾಲ್ವರೂ ಕಪ್ಪನೆ ಕಾಫಿ ಕುಡಿದೆವು. ಹೊರಡುವಾಗ ಓಬಳೇಶಪ್ಪ ಕೊಡೆ ತೆಗೆದುಕೊಂಡು, ಹೊಸಿಲ ಮೇಲೆ ನಿಂತು, ತಿರುಗಿ, "ಬರ್ತೀನಿ," ಎಂದ. ಎಂದವನೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಪುಟ್ಟಗೌರಮ್ಮ ಹಣೆ ಚಚ್ಚಿಕೊಂಡರು. ಆರು ತಿಂಗಳ ಹಿಂದೆ ಅವನು ಹಾಗೆಂದಾಗ ಒಳಗಿನಿಂದ ಮರುಮಾತಾಡುವವರು ಯಾರೂ ಇರಲಿಲ್ಲ. ಈಗ ನಾನಿದ್ದೆ. ಮನೆಯ ಯಜಮಾನ ಹೇಳುವಂತೆ ಹೇಳಿದೆ: "ಹೂಂ, ಹೋಗಿ ಬನ್ನಿ."

ಬಾಗಿಲು ಸರಿಯಾಗಿ ಮುಚ್ಚಿಕೊಂಡಿತು. ಮರುದಿನ ಬೆಳಿಗ್ಗೆ ನೀಲಾವತಿ ಟೀಚರು ಬಸ್ ಸ್ಟ್ಯಾಂಡಿಗೇ ಬಂದು, ತಮ್ಮ ಮನೆಯಲ್ಲೂ ರಾತ್ರಿ ಹಾಲು ಉಕ್ಕಿ ಅರ್ಧ ಗಂಟೆ ಒಲೆ ಉಜ್ಜಿದೆನೆಂದು, ದೂರು ಹೇಳುವವರ ಹಾಗೆ ಮುಖ ಮಾಡಿಕೊಂಡು ಹೇಳಿ ಹೋದರು.

ಗುರುವಾರ ರಾತ್ರಿಯೇ ಅತ್ತೆಗೆ ಫೋನಿನಲ್ಲಿ ಉಕ್ಕಿತು ಎಂದು ತಿಳಿಸಿದ್ದೆ. ಶುಕ್ರವಾರ ಹನ್ನೊಂದರ ಬಸ್ಸಿಗೆ ಅತ್ತೆ, ಮಂದಾ, ಮಗಳು ಬಂದರು. ಅತ್ತೆ ಮೊದಲು ಹೋಗಿ ಒಲೆಯ ಕಟ್ಟೆಯ ಮೇಲೆ ಹಾಲಿನ ಕಲೆ ಇದೆಯೇ ಎಂದು ನೋಡಿದರು. ಬೇಕೆಂದೇ ಒಂದು ಮೂಲೆ ಒರೆಸದೆ ಬಿಟ್ಟಿದ್ದೆ. ಚಾರುವನ್ನು ಚಾಪೆಯ ಮೇಲೆ ಮಲಗಿಸಿ ಎಲ್ಲರೂ ಪೆಟ್ಟಿಗೆ ಇಳಿಸುತ್ತಿದ್ದಾಗ ಅವಳು ಗೂಟದ ಕಡೆ ನೋಡುತ್ತಾ, ಒಂದು ಕಾಲು ಎತ್ತಿ, ಬಲಕ್ಕೆ ವಾಲಿ, ಸಿಕ್ಕಿಕೊಂಡ ಕೈಯನ್ನು ಎಳೆದುಕೊಳ್ಳಲು ಕೆಂಪಗೆ ಮುಕ್ಕಿರಿದು, ಪಕ್ಕನೆ ಬೋರಲು ಬಿದ್ದಳು. ತಲೆ ಎತ್ತಿ ಮೊದಲು ನೋಡಿದ್ದು ನನ್ನನ್ನು. ಮೂಗು ನನ್ನದೇ. ಈಗ ಯಾರು ಕೇಳಿದರೂ ಹೇಳುತ್ತೇನೆ.

ಆ ಮೇಲೆ ಪ್ರತಿ ಗುರುವಾರ ಆರೂಕಾಲಕ್ಕೆ ಬಾಗಿಲು ತಾನಾಗಿ ತೆರೆಯುತ್ತಿತ್ತು, ಬೇರೆ ದಿನ ಇಲ್ಲ. ಗೂಟವನ್ನು ನಾವು ಆ ಹೊತ್ತಿಗೆ ಖಾಲಿ ಬಿಡುತ್ತಿದ್ದೆವು. ಓಬಳೇಶಪ್ಪನೂ ಟೀಚರೂ ಬಂದು ಕಾಫಿ ಕುಡಿದು, "ಬರ್ತೀವಿ" ಎಂದು ಹೋಗುತ್ತಿದ್ದರು. ಮಂದಾಳಿಗೂ ನೀಲಾವತಿ ಟೀಚರಿಗೂ ಎಷ್ಟು ಗೆಳೆತನವಾಯಿತೆಂದರೆ, ನಾನು ಪರದೆಯ ವಿಷಯದಲ್ಲಿ ಇಬ್ಬರಿಂದಲೂ ಬೈಸಿಕೊಳ್ಳುವಂತಾಯಿತು. ಹೀಗೆ ನಾಲ್ಕು ವರ್ಷ ಕಳೆಯಿತು. ಮಗ ಹುಟ್ಟಿದ. ಇನ್ನೊಂದು ಕೋಣೆ ಬೇಕೇ ಬೇಕಾಯಿತು. ಕೆರೆ ಏರಿಯ ಹತ್ತಿರ ದೊಡ್ಡ ಮನೆ ಸಿಕ್ಕಿತು. ಮಾತು ಮುಗಿಸುವ ಮುಂಚೆ ನಾನು ಮೊದಲು ಕೇಳಿದ್ದು ಹಿಂದಿನವರು ಏನಂದು ಹೋದರು ಎಂದೇ.

ಪುಟ್ಟಗೌರಮ್ಮನವರು ಈ ಸಲ ಹುಷಾರಾಗಿದ್ದರು. ತಿಂಗಳ ಮುಂಚಿನಿಂದ ನನಗೆ ಪಾಠ. ದಿನಾ ಬೆಳಿಗ್ಗೆ ನಲ್ಲಿಯ ಹತ್ತಿರ ಕಂಡಾಗಲೆಲ್ಲ "ಎಲ್ಲಿ, ಹೇಳು ನೋಡೋಣ" ಎನ್ನುತ್ತಿದ್ದರು. ನಾನೂ ಬಿಡದೆ ಅಭ್ಯಾಸ ಮಾಡಿದೆ. ಬಸ್ಸುಗಳ ಮಧ್ಯೆ ಮೈಕಿನಲ್ಲೇ ಒಂದೆರಡು ಸಲ "ಹೋಗ್ತೀನಿ" ಎಂದು ಕೂಗಿ ನೋಡಿದೆ. ಪ್ರಯಾಣಿಕರು ಗಾಬರಿಯಿಂದ ಟಿಕೆಟ್ ನೋಡಿಕೊಂಡರು. ಸಾಮಾನು ಗಾಡಿ ಹೊರಟ ದಿನ, ಹೊಸಿಲ ಮೇಲೆ ನಿಂತು ಒಳಗೆ ತಿರುಗಿದೆ. ಖಾಲಿ ನಡುಮನೆ. ಚಾಪೆ ಹಾಕುತ್ತಿದ್ದ ಜಾಗ. ಗೂಟ. ಒರೆಸದೆ ಬಿಟ್ಟ ಕಲೆ ಅಡುಗೆಮನೆಯಲ್ಲಿ ಇನ್ನೂ ಇತ್ತು. ಪುಟ್ಟಗೌರಮ್ಮ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಎದೆ ಗಟ್ಟಿ ಮಾಡಿಕೊಂಡು "ಹೋಗ್..." ಎಂದೆ. ನಿಜವಾಗಿ ಹೇಳುವವನಿದ್ದೆ, ಯಾರ ಮೇಲೆ ಬೇಕಾದರೂ ಆಣೆ.

ಅಷ್ಟರಲ್ಲಿ ನನ್ನ ಕೈ ಹಿಡಿದು ನಿಂತಿದ್ದ ಚಾರು, ಅಜ್ಜಿಯ ಮನೆಗೆ ಹೊರಡುವಾಗ ಹೇಳುವ ಹಾಗೆ, ಗಂಟಲು ಬಿಚ್ಚಿ ಕೂಗಿದಳು: "ಬರ್ತೀವಿ!"

ಬರ್ತೀನಿ ಎಂದಿದ್ದರೆ ಒಬ್ಬಳ ಪಾಡಾಗುತ್ತಿತ್ತು. ಎಲ್ಲರನ್ನೂ ಸೇರಿಸಿಬಿಟ್ಟಳು. ಪುಟ್ಟಗೌರಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು, ಬೈಯಲು ಬಾಯಿ ತೆರೆದು, ಅವಳ ಮುಖ ನೋಡಿ, "ಹೋಗ್ಬಾಮ್ಮ," ಎಂದರು.

ಈಗ ಎರಡು ವಾರದಿಂದ ಹಸಿರು ಬಾಗಿಲಿಗೆ ಬಾಡಿಗೆಗಿದೆ ಎಂಬ ಬೋರ್ಡು ನೇತಾಡುತ್ತಿದೆ. ಈ ಊರಿನವರು ಕೇಳಿ ವಾಪಸು ಹೋಗುತ್ತಿದ್ದಾರೆ. ನೀವು ಊರಿಗೆ ಹೊಸಬರಾಗಿ, ಮನೆ ಹುಡುಕುತ್ತಾ ಆ ಬೀದಿಗೆ ಬಂದರೆ, ಅವಶ್ಯ ನೋಡಿ. ನೀರು ಎರಡು ಹೊತ್ತು ಬರುತ್ತದೆ, ಮೀಟರ್ ಬೇರೆ ಇದೆ, ಬಚ್ಚಲಿನ ನೀರು ಹೊರಗೇ ಹೋಗುತ್ತದೆ. ನೀವು ಕೇಳದಿದ್ದರೆ ಪುಟ್ಟಗೌರಮ್ಮನವರು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಹಾಲುಕ್ಕಿಸುವ ದಿನ ನಮಗೆ ಹೇಳಿ ಕಳಿಸಿ, ಇಲ್ಲದಿದ್ದರೆ ಪೇಡ ತಿನ್ನಬೇಕಾಗುತ್ತದೆ. ಗುರುವಾರ ಆರೂಕಾಲಕ್ಕೆ ಬಾಗಿಲು ತೆರೆದರೆ ಗಾಬರಿಯಾಗಬೇಡಿ. ಗೂಟ ಖಾಲಿ ಇರಲಿ. ನಾವು ನಾಲ್ಕು ಜನ, ಓಬಳೇಶಪ್ಪ ದಂಪತಿ ಸೇರಿ ಆರು. ಹಾಲು ಸ್ವಲ್ಪ ಜಾಸ್ತಿ ತರಿಸಿಡಿ. ಬರ್ತೀವಿ.